ಖಾಲಿ ಶೀಟನ್ನು ನಂಬಿದೆ

ಖಾಲಿ ಮಾತ್ರೆ ಶೀಟು ತರಬೇಕೆಂಬ ನಿಯಮ ಮಾಡಿದವಳು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೈಯಬೇಕಾದವರನ್ನೆಲ್ಲ ಮುಂದೆ ಚೆನ್ನಾಗಿಯೇ ಬೈಯುವವಳಿದ್ದೇನೆ. ಆಗ ಯಾರೂ ‘ನೀನೇನು ಭಾರಿ ಸಾಚಾ’ ಎಂದು ನನ್ನನ್ನು ಕೇಳುವಂತಾಗಬಾರದು.

ರಾಯದುರ್ಗದ ಕೋಟೆ ಬೆಟ್ಟದ ಕೆಳಗಿನ ಓಣಿಯಲ್ಲಿ ಒಂದು ಹಳೆಯ ಗೋದಾಮು. ಪ್ರತಿ ಭಾನುವಾರ ಮಧ್ಯಾಹ್ನ ಅಲ್ಲಿ ನಮ್ಮ ಗುಂಪು ಸೇರುತ್ತಿತ್ತು. ಮಾನಸಿಕ ಕಾಯಿಲೆ ಇರುವವರು, ಅವರನ್ನು ನೋಡಿಕೊಳ್ಳುವ ಮನೆಯವರು, ಎಲ್ಲ ಸೇರಿ ಹದಿನೈದು ಹದಿನಾರು ಜನ. ಒಂದು ಸಂಸ್ಥೆ ಇದನ್ನು ನಡೆಸುತ್ತಿತ್ತು, ನಾನು ಅದರ ಸಂಬಳದ ಕೆಲಸಗಾರ್ತಿ. ಏಳನೇ ಕ್ಲಾಸು ಓದಿದ ಜೀನ್ಸ್ ಹೊಲಿಯುವವಳಿಗೆ ಆ ಕೆಲಸ ಸಿಕ್ಕಿದ್ದು ಒಂದೇ ಕಾರಣಕ್ಕೆ: ನನಗೂ ಅದೇ ಕಾಯಿಲೆ ಬಂದಿತ್ತು. ಮಾತ್ರೆ ತಿಂದು ಸುಧಾರಿಸಿಕೊಂಡಿದ್ದೆ, ಈಗಲೂ ತಿನ್ನುತ್ತೇನೆ. ಡಾಕ್ಟರ ಮಾತಿಗೆ ತಲೆಯಾಡಿಸಿ ಮರೆತುಬಿಡುವವರು, ಅದೇ ಹಾದಿ ನಡೆದು ಬಂದವರು ಹೇಳಿದರೆ ಕೇಳುತ್ತಾರೆ. ಈ ಕೆಲಸ ನಿಂತಿರುವುದೇ ಅದರ ಮೇಲೆ.

ನನಗೆ ಇನ್ನೊಂದು ಕಾರಣವೂ ಇತ್ತು. ಕಾಯಿಲೆ ಜೋರಾಗಿದ್ದ ದಿನಗಳಲ್ಲಿ ಒಮ್ಮೆ ನನಗೆ ಹೊಟ್ಟೆನೋವು ಬಂತು. ಹೊರಳಾಡಿದೆ, ಅತ್ತೆ. “ಆಕಿಗೆ ತಲಿ ಸರಿ ಇಲ್ಲ, ಏನಾರ ಅಂತಾಳ” ಎಂದು ಅಣ್ಣ ಬಾಗಿಲು ಎಳೆದುಕೊಂಡು ಹೋದ. ನಾಲ್ಕನೇ ದಿನ ಅಪೆಂಡಿಕ್ಸ್ ಒಡೆದು ಬಳ್ಳಾರಿ ಆಸ್ಪತ್ರೆಗೆ ಹೊತ್ತೊಯ್ದರು. ಹೊಟ್ಟೆಯ ಮೇಲೆ ಗೇಣುದ್ದದ ಗಾಯದ ಗುರುತು ಇವತ್ತಿಗೂ ಇದೆ. ಕೆಲಸಕ್ಕೆ ಸೇರುವ ದಿನ ನಾನು ಸಂಸ್ಥೆಯವರಿಗೆ ಹೇಳಿದ್ದು ಒಂದೇ ಮಾತು: ಇಂಥವರು ಹೇಳುವುದನ್ನು ಯಾರೂ ನಂಬುವುದಿಲ್ಲ, ನಾನು ನಂಬುತ್ತೇನೆ.

ಇನ್ನು ಶೀಟಿನ ವಿಷಯ. ಪೀಸ್ ಲೆಕ್ಕದಲ್ಲಿ ಜೀನ್ಸ್ ಹೊಲಿಯುವ ಯುನಿಟ್ಟುಗಳಲ್ಲಿ ಪ್ರತಿ ಬಂಡಲಿಗೂ ಚಿಕ್ಕ ಚಿಕ್ಕ ಚೀಟಿ ಅಂಟಿಸಿರುತ್ತಾರೆ. ನಿನ್ನ ಪಾಲಿನ ಹೊಲಿಗೆ ಮುಗಿಸಿದೆಯೋ, ಆ ಚೀಟಿ ಕಿತ್ತು ನಿನ್ನ ಹಾಳೆಗೆ ಅಂಟಿಸಿಕೊ. ವಾರದ ಕೊನೆಗೆ ಯಾರೂ ನಿನ್ನ ಬಾಯಿಮಾತು ಕೇಳುವುದಿಲ್ಲ, ಚೀಟಿ ನೋಡುತ್ತಾರೆ. ಹನ್ನೊಂದು ವರ್ಷ ಆ ಚೀಟಿಯ ಜೊತೆ ಬದುಕಿದವಳು ನಾನು. ಗುಂಪಿನಲ್ಲಿ ಯಾರು ಮಾತ್ರೆ ತಿಂದರು, ಯಾರು ಬಿಟ್ಟರು ಎಂದು ತಿಳಿಯದೆ ತಲೆ ಕೆಟ್ಟಾಗ ನನಗೆ ಹೊಳೆದದ್ದೂ ಚೀಟಿಯೇ. ಮನೆಯವರು ವಾರವಾರ ಖಾಲಿಯಾದ ಮಾತ್ರೆ ಶೀಟು ತಂದು ಚಾಪೆಯ ಮೇಲಿಡಬೇಕು, ನಾನು ಎಣಿಸಿ ಹೆಸರಿನ ಮುಂದೆ ಗೀಟು ಹಾಕಿಕೊಳ್ಳುತ್ತೇನೆ ಎಂದೆ. ಸಂಸ್ಥೆಯ ಕೋಆರ್ಡಿನೇಟರ್ ಸಾರ್ ಕುಣಿದಾಡಿಬಿಟ್ಟರು. ಅನಂತಪುರದ ಮೀಟಿಂಗಿನಲ್ಲಿ ನನ್ನನ್ನು ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. ಚೀಟಿಯಲ್ಲಿ ಎಷ್ಟು ಕಳ್ಳಾಟ ನಡೆಯುತ್ತದೆ, ಒಬ್ಬಳ ಬಂಡಲಿನ ಚೀಟಿ ಇನ್ನೊಬ್ಬಳ ಹಾಳೆಗೆ ಹೇಗೆ ಹೋಗುತ್ತದೆ ಎಂಬುದು ನನಗಿಂತ ಚೆನ್ನಾಗಿ ಬಲ್ಲವರು ಆ ಹಾಲಿನಲ್ಲಿ ಯಾರೂ ಇರಲಿಲ್ಲ. ಆದರೂ ನನ್ನ ಬುದ್ಧಿ ಚಪ್ಪಾಳೆ ಕೇಳುತ್ತ ಕೂತಿತ್ತು.

ಎಲ್ಲರಿಗಿಂತ ಚೆನ್ನಾಗಿ ಶೀಟು ತರುತ್ತಿದ್ದವನು ಒಬ್ಬ ಮೇಸ್ತ್ರಿ. ಸ್ವಂತ ಹನ್ನೆರಡು ಮಷಿನು ಹಾಕಿಕೊಂಡು ದೊಡ್ಡ ಯುನಿಟ್ಟುಗಳಿಂದ ಬಂಡಲು ತಂದು ಹೊಲಿಸಿ ಕೊಡುತ್ತಿದ್ದ. ಅವನ ಹೆಂಡತಿಗೆ ಕಾಯಿಲೆ. ಆಕೆ ಮಡಕಶಿರದ ಕಡೆಯ ಹಳ್ಳಿಯವಳು. ಇಬ್ಬರೂ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಒಂದೇ ಲೈನಿನಲ್ಲಿದ್ದಾಗ ಮದುವೆಯಾದವರು. ಓಣಿಯಲ್ಲಿ ಎಲ್ಲರೂ ಆಕೆಯನ್ನು ‘ಮಡಕಶಿರದಾಕಿ’ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಪ್ಯಾಂಟಿನ ಒಳಗಾಲು ಜೋಡಿಸುವ ಎರಡು ಸೂಜಿಯ ದಪ್ಪ ಮಷಿನು ಆಕೆಯದು. ಆ ಮಷಿನು ಎಲ್ಲರ ಕೈಗೂ ಬಗ್ಗುವುದಿಲ್ಲ. ಆಕೆ ಕೂತರೆ ಯುನಿಟ್ಟು ಓಡುತ್ತಿತ್ತು, ಎದ್ದರೆ ಹಿಂದಿನ ಹನ್ನೊಂದು ಮಷಿನೂ ಕೈಕಟ್ಟಿ ಕೂರುತ್ತಿದ್ದವು.

ಮೇಸ್ತ್ರಿ ಭಾನುವಾರ ಒಗೆದ ಅಂಗಿ ಹಾಕಿ ಬರುತ್ತಿದ್ದ. ಹೆಂಡತಿಯ ಚಪ್ಪಲಿಯನ್ನು ತಾನೇ ಬದಿಗಿಡುತ್ತಿದ್ದ. ಶೀಟುಗಳನ್ನು ರಬ್ಬರ್ ಬ್ಯಾಂಡು ಹಾಕಿ, ಒಂದರ ಮೇಲೊಂದು ಜೋಡಿಸಿ, ಎರಡೂ ಕೈಯಿಂದ ಕೊಡುತ್ತಿದ್ದ. “ತಗೋರಿ ಅಕ್ಕ, ಈ ವಾರದ್ದು” ಎನ್ನುತ್ತಿದ್ದ. ನಾನು ಉಳಿದವರ ಕಡೆ ತಿರುಗಿ, “ನೋಡ್ರಿ, ಹಿಂಗ ನೋಡ್ಕಬೇಕು ಹೇಣ್ತಿನ್ನ” ಎನ್ನುತ್ತಿದ್ದೆ. ಆಗ ಮಡಕಶಿರದಾಕಿ ಚಾಪೆಯ ಅಂಚಿನ ಎಳೆ ಕೀಳುತ್ತ ಕೂತಿರುತ್ತಿದ್ದಳು.

ಮೊದಲ ಆರು ತಿಂಗಳು ಆಕೆ ಚೆನ್ನಾಗಿಯೇ ಸುಧಾರಿಸಿದಳು. ಗೋಡೆಯಾಚೆಯವರು ತನ್ನ ಬಗ್ಗೆ ಮಾತಾಡುತ್ತಾರೆ ಎನ್ನುವುದು ನಿಂತಿತು. ಗುಂಪಿನಲ್ಲಿ ಹಾಡು ಹೇಳುವಷ್ಟಾದಳು. ಶ್ರಾವಣ ಕಳೆದು ದಸರಾ ಸೀಜನ್ ಶುರುವಾದ ಮೇಲೆ ಮತ್ತೆ ಕೆಟ್ಟಿತು. ನಿದ್ದೆಯಿಲ್ಲ, ಊಟವಿಲ್ಲ, ಮಷಿನಿನ ಸದ್ದಿನೊಳಗೆ ಯಾರೋ ತನ್ನ ಹೆಸರು ಹಿಡಿದು ಬೈಯುತ್ತಾರೆ ಎಂದು ಕಿವಿಗೆ ಬಟ್ಟೆ ಕಟ್ಟಿಕೊಂಡು ಹೊಲಿಯುತ್ತಿದ್ದಳು. ಒಂದು ಮಧ್ಯಾಹ್ನ ಬಂಡಲು ಬಿಸಾಕಿ ಎದ್ದವಳು ರೈಲ್ವೆ ಹಳಿಯ ಪಕ್ಕ ನಡೆದುಕೊಂಡು ಹೋಗಿದ್ದಳು. ಕುರಿ ಮೇಯಿಸುವವರು ಕಂಡು ಕರೆತಂದರು. ಶೀಟುಗಳು ಮಾತ್ರ ಒಂದು ವಾರವೂ ತಪ್ಪಲಿಲ್ಲ.

ಆಕೆ ನನಗೆ ಮೂರು ಸಲ ಹೇಳಿದಳು. ಮೂರನ್ನೂ ಬರೆಯುತ್ತೇನೆ.

ಮೊದಲನೆಯದು ಗುಂಪಿನಲ್ಲಿ, ಎಲ್ಲರ ಎದುರು. “ಅಕ್ಕ, ನಂಗೆ ಮಾತ್ರೆ ಕೊಡ್ತಾ ಇಲ್ಲ ಕಣಕ್ಕ” ಎಂದಳು. ಮೇಸ್ತ್ರಿ ನಕ್ಕು, ಆ ವಾರದ ಶೀಟು ತೆಗೆದು ಚಾಪೆಯ ಮೇಲಿಟ್ಟ. ಯಾರೋ ಕಿಸಕ್ಕೆಂದರು. ನಾನು ಆಕೆಯ ಬೆನ್ನು ಸವರಿ, “ನುಂಗಿದ್ದು ನೆನಪಿರಂಗಿಲ್ಲಮ್ಮ, ನನಗೂ ಹಂಗ ಆಗ್ತಿತ್ತು” ಎಂದೆ. ನನ್ನದೇ ಅನುಭವವನ್ನು ತೆಗೆದು ಆಕೆಯ ಬಾಯಿಗೆ ತುರುಕಿದೆ.

ಎರಡನೆಯದು ಗೋದಾಮಿನ ಹಿಂದಿನ ನಲ್ಲಿಯ ಹತ್ತಿರ, ಟೀ ಲೋಟ ತೊಳೆಯುವಾಗ. ಇಬ್ಬರೇ ಇದ್ದೆವು. “ಶೀಟು ನಿಮ್ಮ ಹತ್ರ ಬತ್ತವೆ. ಮಾತ್ರೆ ನನ್ನ ಹತ್ರ ಬರಲ್ಲ. ಒಂದ್ಸಲ ನಮ್ಮನೆಗೆ ಬಂದು ನೋಡಕ್ಕ” ಎಂದಳು. ಎಷ್ಟು ಸ್ಪಷ್ಟವಾಗಿ ಹೇಳಿದ್ದಳು! ನನಗೆ ತರಬೇತಿಯಲ್ಲಿ ಕಲಿಸಿದ್ದು ನೆನಪಾಯಿತು: ಈ ಕಾಯಿಲೆಯಲ್ಲಿ ಹತ್ತಿರದವರ ಮೇಲೆಯೇ ಅನುಮಾನ ಹೆಚ್ಚು. “ಇಂಥ ಅನುಮಾನಾನ ಕಾಯಿಲೆ ಅಮ್ಮ. ಆತ ನಿನಗ ಕೆಟ್ಟದ್ದು ಮಾಡಂಗಿಲ್ಲ” ಎಂದು ಬುದ್ಧಿ ಹೇಳಿದೆ. ಆಕೆ ಲೋಟ ಬೋರಲು ಹಾಕಿ ಒಳಗೆ ಹೋದಳು.

ಮೂರನೆಯದು ತಿಂಗಳಿಗೊಮ್ಮೆ ಬರುವ ಡಾಕ್ಟರಮ್ಮನ ಎದುರು. ಆಕೆ ಹೇಳಿದ್ದನ್ನು ಕೇಳಿ ಡಾಕ್ಟರಮ್ಮ ನನ್ನ ಮುಖ ನೋಡಿದರು. ಅವರು ನೋಡಿದ್ದು ನನ್ನನ್ನು, ಮೇಸ್ತ್ರಿಯನ್ನಲ್ಲ. ಒಳಗಿನ ಸುದ್ದಿ ನನಗೆ ಗೊತ್ತಿರುತ್ತದೆಂದು ನಂಬಿದ್ದರು. “ಶೀಟು ಎಲ್ಲಾ ಖಾಲಿ ಬಂದಾವ ಮೇಡಂ, ನಾನ ಎಣಿಸೀನಿ” ಎಂದೆ. ಮಾತ್ರೆ ತಿಂದೂ ಗುಣವಾಗುತ್ತಿಲ್ಲ ಎಂದರೆ ಡೋಸ್ ಸಾಲುತ್ತಿಲ್ಲ ಎಂದರ್ಥ. ರಾತ್ರಿ ಒಂದಿದ್ದದ್ದು ಎರಡಾಯಿತು. ಮುಂದಿನ ತಿಂಗಳು ಮೂರಾಯಿತು.

ಬಾಯಲ್ಲಿಟ್ಟುಕೊಂಡು ಆಮೇಲೆ ಉಗುಳುತ್ತಾಳೇನೋ ಎಂಬ ಗುಮಾನಿಯೂ ನನಗೇ ಬಂದದ್ದು. ಮೇಸ್ತ್ರಿಗೆ, “ನಾಲಿಗಿ ಎತ್ತಿಸಿ ನೋಡ್ರಿ” ಎಂದು ಹೇಳಿಕೊಟ್ಟೆ. ಮಡಕಶಿರದ ಕಡೆ ಇರುವ ಆಕೆಯ ತಾಯಿಗೂ ಫೋನು ಮಾಡಿ, ನಿಮ್ಮ ಮಗಳು ಮಾತ್ರೆ ವಿಷಯದಲ್ಲಿ ಸುಳ್ಳು ಹೇಳುತ್ತಾಳೆ, ಮನೆಗೆ ಬಂದಾಗ ಬಾಯಿ ತೆಗೆಸಿ ನೋಡಿ ಎಂದೆ. ಆ ತಾಯಿ ನನ್ನ ಮಾತನ್ನು ವೇದವಾಕ್ಯದಂತೆ ಕೇಳಿಸಿಕೊಂಡರು.

ದೀಪಾವಳಿ ಮುಗಿಯಿತು. ಬಂಡಲು ಬರುವುದು ನಿಂತು ಯುನಿಟ್ಟುಗಳಿಗೆ ಹತ್ತು ದಿನ ಬೀಗ ಬಿತ್ತು. ನಾಲ್ಕನೇ ದಿನ ಬೆಳಿಗ್ಗೆ ಮೇಸ್ತ್ರಿಯ ಫೋನು: “ಅಕ್ಕ, ಲಗೂನ ಬರ್ರಿ, ಆಕಿ ಒಂದ್ ನಮೂನಿ ಆಗ್ಯಾಳ.” ಹೋಗಿ ನೋಡಿದರೆ ಮಡಕಶಿರದಾಕಿಯ ಕುತ್ತಿಗೆ ಒಂದು ಕಡೆಗೆ ತಿರುಚಿಕೊಂಡು ನಿಂತಿತ್ತು. ಕಣ್ಣುಗುಡ್ಡೆ ಮೇಲಕ್ಕೆ ಹೋಗಿತ್ತು. ನಾಲಿಗೆ ದಪ್ಪಗಾಗಿ ಜೊಲ್ಲು ಸುರಿಯುತ್ತಿತ್ತು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ದಾರಿಯುದ್ದಕ್ಕೂ ಆಕೆ ನನ್ನ ಮುಂಗೈ ಹಿಡಿದಿದ್ದಳು. ಹಿಡಿದ ಜಾಗ ಎರಡು ದಿನ ನೀಲಿಗಟ್ಟಿತ್ತು.

ಡ್ಯೂಟಿಯಲ್ಲಿದ್ದವರು ಚಿಕ್ಕ ವಯಸ್ಸಿನ ಡಾಕ್ಟರು. ಮಾತ್ರೆಯ ಚೀಟಿ ನೋಡಿ ಒಂದು ಇಂಜೆಕ್ಷನ್ ಕೊಟ್ಟರು, ಅರ್ಧ ಗಂಟೆಯಲ್ಲಿ ಕುತ್ತಿಗೆ ಸಡಿಲವಾಯಿತು. ಆಮೇಲೆ ನನ್ನನ್ನು ಹೊರಗೆ ಕರೆದು ಕೇಳಿದರು.

“ಈ ಡೋಸ್ ಎಷ್ಟು ದಿನದಿಂದ ತಿನ್ನುತ್ತಿದ್ದಾರೆ?”

“ಮೂರು ಮಾತ್ರಿ ಆಗಿ ತಿಂಗಳ ಮ್ಯಾಲಾತ್ರಿ. ಅದಕ್ಕಿಂತ ಮುಂಚೆ ಎರಡು.”

“ಇದು ಈ ಮಾತ್ರೆಯಿಂದಲೇ ಬರುವ ಬಿಗಿತ, ಸಾಮಾನ್ಯವಾಗಿ ಡೋಸ್ ಶುರುವಾದ ಹೊಸದರಲ್ಲಿ ಬರುತ್ತದೆ. ತಿಂಗಳುಗಟ್ಟಲೆ ತಿಂದವರಿಗೆ ಇವತ್ತು ಯಾಕೆ ಬಂತು?”

ಗೊತ್ತಿಲ್ಲ ಎಂದೆ. ಅದು ಪೂರ್ತಿ ನಿಜವಲ್ಲ. ನಲ್ಲಿಯ ಹತ್ತಿರ ಕೇಳಿದ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ನೇರವಾಗಿ ಗೋದಾಮಿಗೆ ಹೋಗಿ ಬಾಗಿಲು ತೆಗೆದೆ.

ಶೀಟುಗಳನ್ನು ಬಿಸ್ಕತ್ತಿನ ಡಬ್ಬಿಗಳಲ್ಲಿ ಹಾಕಿಡುತ್ತಿದ್ದೆ, ಒಬ್ಬೊಬ್ಬರದ್ದು ಒಂದೊಂದು ಡಬ್ಬಿ. ಮೇಸ್ತ್ರಿಯ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಸುರಿದುಕೊಂಡೆ. ಪಕ್ಕದಲ್ಲಿ ನನ್ನ ಬ್ಯಾಗಿನಲ್ಲಿದ್ದ ನನ್ನದೇ ಶೀಟನ್ನು ಇಟ್ಟೆ. ನನ್ನದು ಹತ್ತು ದಿನ ಬ್ಯಾಗಿನಲ್ಲಿ ಓಡಾಡಿದ್ದು. ಅಂಚು ಮುದುಡಿತ್ತು, ಬೆಳ್ಳಿ ಕಾಗದ ಮಾಸಿತ್ತು. ಒಂದು ಮಾತ್ರೆಯನ್ನು ಉಗುರಿನಿಂದ ಬಿಡಿಸಿದ್ದೆ, ಇನ್ನೊಂದನ್ನು ಹೆಬ್ಬೆರಳಿನಿಂದ ಒತ್ತಿದ್ದೆ, ಅವಸರದ ದಿನ ಮೂಲೆಯನ್ನೇ ಹರಿದಿದ್ದೆ. ಮೇಸ್ತ್ರಿಯ ಶೀಟು ನೆಟ್ಟಗಿತ್ತು. ಒಂದು ಸುಕ್ಕಿಲ್ಲ. ಹತ್ತಕ್ಕೆ ಹತ್ತೂ ಗುಳಿ ಒಂದೇ ಆಳಕ್ಕೆ ಒಳಹೋಗಿದ್ದವು, ಬೆಳ್ಳಿ ಕಾಗದ ಹತ್ತೂ ಕಡೆ ಒಂದೇ ಬದಿಗೆ ಬಿಚ್ಚಿಕೊಂಡಿತ್ತು. ಇನ್ನೊಂದು ಶೀಟು ತೆಗೆದೆ, ಹಾಗೇ ಇತ್ತು. ಮತ್ತೊಂದೂ ಹಾಗೇ. ಶ್ರಾವಣಕ್ಕಿಂತ ಹಿಂದಿನವು ಮಾತ್ರ ನನ್ನ ಶೀಟಿನಂತೆ ಮುದುಡಿ ಮಾಸಿದ್ದವು.

ಒಂದು ಪ್ಯಾಂಟಿನ ಹೊಲಿಗೆ ಕೈಗೆ ಕೊಟ್ಟರೆ, ಒಬ್ಬಳೇ ಒಂದೇ ಸಲ ಕೂತು ಎಳೆದದ್ದೋ, ಊಟಕ್ಕೆದ್ದು ಬಂದು ಮುಂದುವರಿಸಿದ್ದೋ ನಾನು ಹೇಳಬಲ್ಲೆ. ಅದು ನನ್ನ ಹೊಟ್ಟೆಪಾಡಿನ ವಿದ್ಯೆ. ಈ ಶೀಟುಗಳು ದಿನಾ ರಾತ್ರಿ ಬಿಡಿಸುತ್ತ ಖಾಲಿಯಾದವಲ್ಲ. ಒಂದೇ ಕೈ, ಒಂದೇ ಸಲಕ್ಕೆ, ಪಟಪಟನೆ ಒತ್ತಿ ಬಿಸಾಕಿದ್ದು. ವಾರವಾರ ನನ್ನ ಅಂಗೈಯಲ್ಲೇ ಇದ್ದವು. ನಾನು ಎಣಿಸಿದ್ದೆ, ನೋಡಿರಲಿಲ್ಲ. ಅಲ್ಲೇ ಕೂತು ನನ್ನ ತಲೆಗೆ ನಾನೇ ಹೊಡೆದುಕೊಂಡೆ.

ಮೇಸ್ತ್ರಿಯ ಯುನಿಟ್ಟಿಗೆ ಹೋದಾಗ ಅವನು ಎರಡು ಸೂಜಿಯ ಮಷಿನಿಗೆ ಎಣ್ಣೆ ಬಿಡುತ್ತಿದ್ದ. ಶೀಟುಗಳನ್ನು ಮಷಿನಿನ ಹಲಗೆಯ ಮೇಲೆ ಇಟ್ಟೆ. ಅವನು ಸುಳ್ಳು ಹೇಳುತ್ತಾನೆ, ನಾನು ಜಗಳಾಡುತ್ತೇನೆ ಎಂದುಕೊಂಡು ಹೋಗಿದ್ದೆ. ಅವನು ಸುಳ್ಳೇ ಹೇಳಲಿಲ್ಲ.

“ಸೀಜನ್ ಇತ್ತಲ್ರೀ ಅಕ್ಕ” ಎಂದ. “ಮಾತ್ರಿ ನುಂಗಿದ್ರ ಆಕಿ ಏಳಕ್ಕ ಮಲಗತಾಳ. ಮುಂಜಾನಿ ಎಂಟಾದ್ರೂ ಕಣ್ಣು ಬಿಡಂಗಿಲ್ಲ. ಈ ಮಷಿನ್ ಯಾರು ತುಳೀಬೇಕು? ನೀವೂ ಮಷಿನ್ ತುಳದಾಕಿ, ನಿಮಗೇನು ಹೇಳಾದು.”

“ಆಕಿ ಹಳಿ ಗುಂಟ ಹೋಗಿದ್ಲಲ್ಲೋ! ರೈಲು ಬಂದಿದ್ರ?”

“ಬರಲಿಲ್ಲಲ್ರೀ” ಎಂದ. ಬಟ್ಟೆಯಿಂದ ಕೈ ಒರೆಸಿಕೊಂಡ. “ಈಗ ಸೀಜನ್ ಮುಗದೈತಿ. ಡಾಕ್ಟರಮ್ಮ ಬರದಂಗ ಮೂರೂ ಕೊಟ್ಟೀನಿ. ಮೂರು ದಿನ ಬಿಡದಂಗ ಕೊಟ್ಟೀನ್ರಿ, ದೇವರಾಣಿ.”

“ಮತ್ತ ನನಗ್ಯಾಕ ಶೀಟು ತಂದು ಕೊಟ್ಟಿ? ಕೊಟ್ಟಿಲ್ಲ ಅಂತ ಹೇಳಬೇಕಿತ್ತು.”

“ನೀವು ಕೇಳಿದ್ದು ಶೀಟು. ತಂದೆ. ಆಕಿ ಹೆಂಗದಾಳ ಅಂತ ನಮ್ಮನೀಗೆ ಬಂದು ಯಾವತ್ತಾರ ಕೇಳಿದ್ರೇನು?”

ಎರಡು ಕೈಯಿಂದ ಶೀಟು ಕೊಡುತ್ತಿದ್ದ ಅದೇ ಮನುಷ್ಯ ಇವನು. ನಾನು ಊರ ಮುಂದೆ ಹೊಗಳಿದ ಗಂಡ. ಆ ಹೊಗಳಿಕೆಯನ್ನು ಕೇಳುತ್ತ ಕೂತಾಗ ಒಳಗೊಳಗೇ ಎಷ್ಟು ನಕ್ಕಿರಬೇಕು ಎಂದುಕೊಂಡೆ. ಈಗ ಅನಿಸುತ್ತದೆ, ನಕ್ಕಿರಲಿಕ್ಕಿಲ್ಲ. ಅವನ ಮಟ್ಟಿಗೆ ಅದೂ ಒಂದು ಚೀಟಿ, ಅಂಟಿಸಿ ಮುಗಿಸಿದ್ದ.

ಮರುದಿನವೇ ಶೀಟುಗಳನ್ನು ಕಟ್ಟಿಕೊಂಡು ಡಾಕ್ಟರಮ್ಮ ಕೂರುವ ಊರಿಗೆ ಹೋದೆ. ನನ್ನ ಕೆಲಸ ಹೋಗಬಹುದೆಂಬ ಭಯ ಇತ್ತು. ಆದರೆ ಆ ಮೂರು ಮಾತ್ರೆ ಆಕೆಯ ಚೀಟಿಯಲ್ಲಿ ಇರುವವರೆಗೆ ಇನ್ನೊಮ್ಮೆ ಕುತ್ತಿಗೆ ತಿರುಚಬಹುದು ಎಂಬ ಭಯ ಅದಕ್ಕಿಂತ ದೊಡ್ಡದಿತ್ತು. ಡಾಕ್ಟರಮ್ಮ ಶೀಟುಗಳನ್ನು ಒಂದೊಂದೇ ನೋಡಿದರು. “ನೀವು ಎಣಿಸಿದ್ದೇನೆ ಎಂದಿರಲ್ಲ” ಎಂದರು. ಹೌದು ಎಂದೆ. ಹಳೆಯ ಚೀಟಿ ಹರಿದು ಹೊಸದು ಬರೆದರು: ರಾತ್ರಿ ಒಂದೇ ಮಾತ್ರೆ, ಜೊತೆಗೆ ಬಿಗಿತ ಬಾರದ ಹಾಗೆ ಇನ್ನೊಂದು, ಹದಿನೈದು ದಿನಕ್ಕೆ ಬಂದು ತೋರಿಸಬೇಕು.

ಅಷ್ಟರಲ್ಲಿ ಆಸ್ಪತ್ರೆಯ ಸುದ್ದಿ ತಿಳಿದು ತಾಯಿ ರಾಯದುರ್ಗಕ್ಕೆ ಬಂದಿದ್ದರು. ಮಗಳನ್ನು ಊರಿಗೆ ಕರೆದೊಯ್ಯುತ್ತೇನೆ ಎಂದರು. ಮೇಸ್ತ್ರಿ ತಡೆಯಲಿಲ್ಲ. ಬಸ್ ಸ್ಟ್ಯಾಂಡಿನವರೆಗೂ ಬಂದು ಚೀಲ ಎತ್ತಿಕೊಟ್ಟ. “ಮಾತ್ರಿ ಕದ್ದುಮುಚ್ಚಿ ಉಗುಳ್ಯಾಳ, ಹುಷಾರಾಗಿ ನೋಡ್ಕಳ್ರಿ ಅತ್ತೀ” ಎಂದ. ನನ್ನ ಎದುರಿಗೇ ಎಂದ. ನಾನು ಬಾಯಿ ತೆಗೆಯುವಷ್ಟರಲ್ಲಿ ಆ ತಾಯಿ ನನ್ನೆರಡೂ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡರು. “ನೀನಿಲ್ದೆ ಹೋಗಿದ್ರೆ ನನ್ ಮಗ್ಳು ಉಳೀತಿರ್ಲಿಲ್ಲ ಕಣಮ್ಮ” ಎಂದರು. ಆ ಕೈ ಬಿಡಿಸಿಕೊಂಡು ‘ತಪ್ಪು ನನ್ನದು, ನಿಮ್ಮ ಮಗಳು ಸುಳ್ಳು ಹೇಳಿರಲಿಲ್ಲ’ ಎನ್ನುವ ಧೈರ್ಯ ನನಗೆ ಬರಲಿಲ್ಲ. “ಡೋಸ್ ಕಡಿಮಿ ಮಾಡ್ಯಾರ್ರಿ, ಚೀಟಿ ಚೀಲದಾಗ ಇಟ್ಟೀನಿ” ಎಂದಷ್ಟೇ ಹೇಳಿದೆ. ಮಡಕಶಿರದಾಕಿ ಬಸ್ಸಿನ ಕಿಟಕಿಯಿಂದ ನನ್ನನ್ನು ನೋಡುತ್ತಿದ್ದಳು. ಬಸ್ಸು ಹೊರಟಿತು.

ಕೋಆರ್ಡಿನೇಟರ್ ಸಾರ್‌ಗೆ ಆಫೀಸಿನಲ್ಲಿ ಎಲ್ಲ ಹೇಳಿದೆ. ಅವರು ಬಾಗಿಲು ಮುಂದೆ ಮಾಡಿದರು. ಮುಂದಿನ ಭಾನುವಾರವೇ ಸಂಸ್ಥೆಗೆ ಹಣ ಕೊಡುವ ದೊಡ್ಡವರು ನಮ್ಮ ಗುಂಪು ನೋಡಲು ಬರುವವರಿದ್ದರು. ಮನೆಯವರ ಪರವಾಗಿ ಮಾತಾಡಲು ಗೊತ್ತು ಮಾಡಿದ್ದು ಮೇಸ್ತ್ರಿಯನ್ನು. “ಇಪ್ಪುಡು ವದ್ದಮ್ಮಾ” ಎಂದರು ಸಾರ್ ತೆಲುಗಿನಲ್ಲಿ, ಈಗ ಬೇಡವೆಂದು. “ಅವರು ಬಂದು ಹೋಗಲಿ. ಶೀಟಿನ ಪದ್ಧತಿ ನಿನ್ನದು. ಅದು ಬಿದ್ದರೆ ಮೊದಲು ಬೀಳುವವಳು ನೀನು.”

“ಆತ ಮಾತಾಡಾದಂತೂ ಬ್ಯಾಡ ಸಾರ್.”

“ಅವನ ಹೆಸರು ಕಾಗದದಲ್ಲಿ ಹೋಗಿಯಾಗಿದೆ.”

ನನ್ನನ್ನು ಅನಂತಪುರದಲ್ಲಿ ನಿಲ್ಲಿಸಿ ಚಪ್ಪಾಳೆ ಹೊಡೆಸಿದ ಸಾರ್ ಇವರೇ. ‘ಕಾಯಿಲೆ ಬಂದವರ ದನಿ’ ಎಂದು ಗೋಡೆಯ ಮೇಲೆ ಬರೆಸಿದವರೂ ಇವರೇ. ಮೇಸ್ತ್ರಿ ಮೋಸ ಮಾಡಿದಾಗ ಸಿಟ್ಟು ಬಂದಿತ್ತು, ಇವರು ಹೀಗೆ ಹೇಳಿದಾಗ ಕಾಲಿನ ಕೆಳಗಿನ ನೆಲವೇ ಸರಿದಂತಾಯಿತು. ಮೂರು ದಿನ ಯೋಚಿಸಿದೆ. ಅನ್ನ ಕೊಡುವ ಕೆಲಸ, ಇನ್ನೊಮ್ಮೆ ಮಷಿನಿಗೆ ಕೂರಲು ನನ್ನ ಕಣ್ಣು ಸಾಲದು. ಶನಿವಾರ ಸಂಜೆ ಬಿಸ್ಕತ್ತಿನ ಡಬ್ಬಿಗಳನ್ನೆಲ್ಲ ಒರೆಸಿ ಸಾಲಾಗಿ ಜೋಡಿಸಿದೆ. ಆಗ ನಿರ್ಧಾರ ಗಟ್ಟಿಯಾಯಿತು.

ಭಾನುವಾರ ದೊಡ್ಡವರು ಮೂವರು ಬಂದರು. ಅವರಿಗೆ ಕನ್ನಡವೂ ಬಾರದು, ತೆಲುಗೂ ಬಾರದು. ಸಾರ್ ಪಕ್ಕದಲ್ಲಿ ಕೂತು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಮೇಸ್ತ್ರಿ ಇಸ್ತ್ರಿ ಅಂಗಿ ಹಾಕಿ ಮುಂದೆಯೇ ಕೂತಿದ್ದ. ಅವನು ಏಳುವ ಮೊದಲು ನಾನು ಎದ್ದೆ. ಡಬ್ಬಿಗಳನ್ನು ಚಾಪೆಯ ಮೇಲೆ ಸುರಿದೆ.

“ಇವು ಶೀಟು” ಎಂದೆ. “ಇವ ಮಾತ್ರಿ ನುಂಗಿದ್ದಕ್ಕ ಸಾಕ್ಷಿ ಅಂತ ನಾನು ತಿಳಿದಿದ್ದೆ. ಸಾಕ್ಷಿ ಅಲ್ಲ. ನಮ್ಮ ಗುಂಪಿನ ಒಬ್ಬಾಕಿ ತನಗ ಮಾತ್ರಿ ಕೊಡಂಗಿಲ್ಲ ಅಂತ ನನಗ ಹೇಳಿದ್ಲು. ಆಕಿ ಗಂಡ ಶೀಟು ತಂದು ಕೊಟ್ಟ. ನಾನು ಗಂಡನ್ನ ನಂಬಿದೆ. ಆತ ಸೀಜನ್ ಸಲುವಾಗಿ ಮಾತ್ರಿ ಚೆಲ್ಲಿದ್ದ. ಆಕಿ ಸಾಯೋದೊಂದು ಬಾಕಿ ಇತ್ತು.”

ಮೇಸ್ತ್ರಿ ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಆಗ ಹಿಂದಿನಿಂದ ಒಬ್ಬ ಮುದುಕರು, ಬೊಮ್ಮನಹಾಳಿನ ಕಡೆಯಿಂದ ಮಗನನ್ನು ಕರೆತರುತ್ತಿದ್ದವರು, ಮುಂದೆ ಬಂದು ಸುರಿದ ಶೀಟುಗಳಲ್ಲಿ ಕೈಯಾಡಿಸತೊಡಗಿದರು. ತಮ್ಮದನ್ನು ಹುಡುಕುತ್ತಿದ್ದರು. ಎರಡು ಶೀಟು ಆರಿಸಿ ತೆಗೆದರು.

“ಇವೆರಡು ನಾನು ಹೊಲದಾಗ ಚೆಲ್ಲೀನ್ರಿ ತಂಗಿ” ಎಂದರು. “ಮಗ ನುಂಗಂಗಿಲ್ಲ ಅಂತ ಹೊಡದ. ಬರಿಗೈಲೆ ಬಂದ್ರ ನೀವು ಎಲ್ಲಾರ ಮುಂದ ಕೇಳ್ತೀರಿ. ನಾಚಿಗಿ ಆತು.”

ಅಳಲಿಕ್ಕೇ ಶುರು ಮಾಡಿದರು. ಇನ್ನೂ ಇಬ್ಬರು ತಲೆ ತಗ್ಗಿಸಿದ್ದು ಕಂಡೆ. ಮೋಸ ಮೇಸ್ತ್ರಿ ಒಬ್ಬನದೆಂದು ಎದ್ದು ನಿಂತಿದ್ದೆ. ಹೊಗಳಿಕೆಗೆ ಕೆಲವರು, ಹೆದರಿಕೆಗೆ ಕೆಲವರು, ನನಗೆ ಬೇಕಾದ್ದನ್ನೇ ತಂದುಕೊಟ್ಟಿದ್ದರು. ಮುದುಕರ ಪಕ್ಕ ಕೂತು ನೀರು ಕುಡಿಸಿದೆ.

ದೊಡ್ಡವರಲ್ಲಿ ಒಬ್ಬರು ಏನಾಯಿತೆಂದು ಕೇಳಿದರು. ಸಾರ್ ನಗುತ್ತ ಏನೋ ಹೇಳಿದರು. ನನಗೆ ಇಂಗ್ಲಿಷ್ ಅಷ್ಟಾಗಿ ಬಾರದು, ಆದರೆ ಸಂಸ್ಥೆಯ ಮೀಟಿಂಗುಗಳಲ್ಲಿ ಕೇಳಿ ಕೇಳಿ ನಾಲ್ಕು ಪದ ಹಿಡಿಯುತ್ತೇನೆ. ಇವರೆಲ್ಲ ಮಾತ್ರೆ ತಪ್ಪದೆ ತಿನ್ನುವುದರ ಮಹತ್ವ ಹೇಳುತ್ತಿದ್ದಾರೆ, ತುಂಬ ಭಾವುಕರಾಗಿದ್ದಾರೆ ಎಂದು ಅವರಿಗೆ ಅರ್ಥ ಮಾಡಿಸಿದರು. ಮೂವರೂ ಚಪ್ಪಾಳೆ ತಟ್ಟಿದರು. ಮುದುಕರು ಕಣ್ಣೊರೆಸಿಕೊಂಡು, ಯಾಕೆ ತಟ್ಟುತ್ತಿದ್ದಾರೆಂದು ತಿಳಿಯದೆ, ಅವರ ಕಡೆ ಕೈಮುಗಿದರು. ನನ್ನ ಗುಂಪಿನ ಮುಂದೆ ನನಗೆ ಆದ ಅವಮಾನ ಅದು.

ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಕಾರಣ ಬರೆಯಬೇಕಾಗುತ್ತಿತ್ತು. ಶೀಟು ತರುವುದನ್ನು ನಾನೇ ನಿಲ್ಲಿಸಿದೆ. ಮೊದಲ ಅರ್ಧ ಗಂಟೆ ಮನೆಯವರನ್ನು ಹೊರಗೆ ಕೂರಿಸಿ ಕಾಯಿಲೆಯವರ ಮಾತು ಕೇಳುವುದು, ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಗೆ ಹೋಗಿ ಕೂರುವುದು ಶುರು ಮಾಡಿದೆ. ಎರಡು ತಿಂಗಳು ಆರು ಜನಕ್ಕಿಂತ ಹೆಚ್ಚು ಬರಲಿಲ್ಲ. ಆಮೇಲೆ ಮುದುಕರು ಮಗನನ್ನು ಕರೆದುಕೊಂಡು ಬಂದರು, ಬರಿಗೈಯಲ್ಲಿ.

ಮಡಕಶಿರಕ್ಕೆ ಹೋಗಿದ್ದು ಬೇಸಿಗೆ ಶುರುವಾದಾಗ. ಅಷ್ಟು ತಿಂಗಳು ಹೋಗದಿದ್ದುದಕ್ಕೆ ಹೇಳಲು ನೆಪಗಳಿದ್ದವು, ಒಂದೂ ಬರೆಯಲು ಯೋಗ್ಯವಲ್ಲ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ, ಮಡಕಶಿರದಿಂದ ಆಟೋ ಹಿಡಿದು ಹಳ್ಳಿ ಮುಟ್ಟಿದಾಗ ಮಧ್ಯಾಹ್ನ. ಮನೆಯ ಪಕ್ಕದ ಕೋಣೆಯಲ್ಲಿ ರೇಷ್ಮೆ ಹುಳ ಸಾಕಿದ್ದರು. ಮಡಕಶಿರದಾಕಿ ಸೊಪ್ಪು ಹೆಚ್ಚುತ್ತಿದ್ದಳು. ಮೈ ತುಂಬಿತ್ತು, ಕಣ್ಣು ತಿಳಿಯಾಗಿತ್ತು. “ಬನ್ನಿ” ಎಂದಳು, ಕೈ ನಿಲ್ಲಿಸಲಿಲ್ಲ. ಹುಳ ಮೂರನೇ ಜ್ವರದಿಂದ ಎದ್ದಿವೆ, ಪೊರೆ ಬಿಟ್ಟ ಮೇಲೆ ಹಸಿವು ಜಾಸ್ತಿ, ಸೊಪ್ಪು ತಡವಾದರೆ ಕೆಡುತ್ತವೆ ಎಂದು ವಿವರಿಸಿದಳು. ನಾನೂ ಕೂತು ಸೊಪ್ಪು ಬಿಡಿಸಿದೆ.

ಆಗ ತಾಯಿ ಬಂದರು. ನನ್ನನ್ನು ಕಂಡು ಅವರಿಗೆ ಹಿಗ್ಗೋ ಹಿಗ್ಗು. ಊಟಕ್ಕೆ ಮುದ್ದೆ ಮಾಡಿದರು. ಉಂಡ ಮೇಲೆ ಸೊಂಟಕ್ಕೆ ಸಿಕ್ಕಿಸಿದ್ದ ಕೀಲಿಯನ್ನು ತೋರಿಸಿದರು.

“ನೀನು ಹೇಳ್ದಂಗೇ ಮಾಡ್ತಿದೀನಿ ಕಣಮ್ಮ. ಮಾತ್ರೆ ಟ್ರಂಕಿನಾಗೆ ಬೀಗ ಹಾಕಿಡ್ತೀನಿ. ದಿನಾ ನನ್ ಕೈಯಾಗೇ ಬಾಯಿಗೆ ಹಾಕಿ, ಆ ಅನ್ನಿಸಿ, ಬೆರಳಾಕಿ ನೋಡ್ತೀನಿ. ನಾಲಿಗೆ ಅಡಿ, ದವಡೆ, ಎಲ್ಲಾ. ಒಂದು ದಿನಾನೂ ಬಿಟ್ಟಿಲ್ಲ. ಸುಳ್ಳುಬುರುಕಿ ಇವ್ಳು, ನಂಬಕ್ಕಾಗಲ್ಲ.”

ಮೂವತ್ತು ದಾಟಿದ ಹೆಂಗಸಿನ ಬಾಯಲ್ಲಿ ದಿನಾ ಬೆರಳು. ಮಡಕಶಿರದಾಕಿ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ಬಿಗಿದಿತ್ತು.

“ನಮ್ಮವ್ವನ ಮುಂದೆ ಹೇಳಿ” ಎಂದಳು ನನಗೆ. “ನಾನು ಎಷ್ಟು ಹೇಳಿದ್ರೂ ಇವ್ಳು ನಂಬಲ್ಲ. ರಾಯದುರ್ಗದ ಅಕ್ಕನೇ ಫೋನ್ ಮಾಡಿ ಹೇಳವ್ಳೆ ಅಂತಾಳೆ. ನೀವೇ ಹೇಳಿ.”

ಗೋದಾಮಿನಲ್ಲಿ ಅಷ್ಟು ಜನರ ಮುಂದೆ ಪಟಪಟನೆ ಹೇಳಿದವಳಿಗೆ ಆ ಒಬ್ಬ ತಾಯಿಯ ಮುಂದೆ ಹೇಳುವುದು ಕಷ್ಟವಾಯಿತು. ಹೇಳಿದೆ. ಆತ ಮಾತ್ರೆ ಕೊಡಲಿಲ್ಲ, ಶೀಟು ಖಾಲಿ ಮಾಡಿ ತಂದ. ನಿಮ್ಮ ಮಗಳು ಮೂರು ಸಲ ನನಗೆ ನಿಜ ಹೇಳಿದಳು. ಮೂರು ಸಲವೂ ನಾನು ನಂಬಲಿಲ್ಲ. ಆಕೆ ಒಂದು ಮಾತ್ರೆಯನ್ನೂ ಉಗುಳಿರಲಿಲ್ಲ. ಉಗುಳುತ್ತಾಳೆ ಎಂದು ನಿಮಗೆ ಹೇಳಿದ್ದು ನನ್ನ ಊಹೆ.

ತಾಯಿ ನನ್ನನ್ನು ನೋಡಿದರು. ಬಸ್ ಸ್ಟ್ಯಾಂಡಿನಲ್ಲಿ ನೋಡಿದ್ದ ಹಾಗೆ ಅಲ್ಲ. ಆಮೇಲೆ ಸೊಂಟದ ಕೀಲಿ ತೆಗೆದು, ಎದ್ದು ಹೋಗಿ, ಮಗಳ ಕೈಯಲ್ಲಿಟ್ಟರು. ಮಗಳ ತಲೆಯ ಮೇಲೆ ಕೈಯಿಟ್ಟು ಹಾಗೇ ಒಳಗೆ ಹೋದರು. ಅಡುಗೆಮನೆಯಲ್ಲಿ ಪಾತ್ರೆ ಎತ್ತಿಡುವ ಸದ್ದು ಕೇಳಿಸಿತು, ನಡುನಡುವೆ ಮೂಗೆಳೆಯುವ ಸದ್ದು.

ಮಡಕಶಿರದಾಕಿ ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಎಳೆದು ನೋಡಿ, ಗಟ್ಟಿಯಾಗಿದೆ ಎಂದು ಖಾತ್ರಿ ಮಾಡಿಕೊಂಡಳು. ಕ್ಷಮಿಸು ಎನ್ನಲು ನಾನು ಬಾಯಿ ತೆರೆದೆ. ಆಕೆ ಬುಟ್ಟಿ ಎತ್ತಿಕೊಂಡಾಗಿತ್ತು.

“ಇಷ್ಟೇ ತಾನೆ” ಎಂದಳು. “ಇಷ್ಟು ಹೇಳಕ್ಕೆ ಐದು ತಿಂಗಳು ಬೇಕಾಯ್ತಾ ನಿಮಗೆ?”

ಹುಳಕ್ಕೆ ಸೊಪ್ಪು ಹಾಕಲು ಹೋದಳು. ನಾನು ಆಟೋ ಬರುವವರೆಗೆ ಅಂಗಳದಲ್ಲಿ ನಿಂತಿದ್ದೆ. ಆಕೆ ಹೊರಗೆ ಬರಲಿಲ್ಲ.